ಕಟ್ಟು ಬಿಚ್ಚಿ ಕಳೆಯುವ ಲೆಕ್ಕ: ಕಲಿಸುವ ಕ್ರಮ

52ರಲ್ಲಿ 27 ಕಳೆಯಲು ಹೇಳಿದರೆ ಎರಡನೆಯ, ಮೂರನೆಯ ತರಗತಿಯ ಅನೇಕ ಮಕ್ಕಳು 35 ಎಂದು ಬರೆಯುತ್ತಾರೆ. ಇದು ಗಮನವಿಲ್ಲದೆ ಆದ ತಪ್ಪಲ್ಲ. 2ರಲ್ಲಿ 7 ಹೋಗದೆಂದು ಕಂಡ ಮಗು, ದೊಡ್ಡದರಿಂದ ಚಿಕ್ಕದನ್ನು ಕಳೆಯಬೇಕೆಂದು ಹಿಂದೆ ಕಲಿತದ್ದನ್ನೇ ನೆಚ್ಚಿಕೊಂಡು 7ರಲ್ಲಿ 2 ಕಳೆದಿರುತ್ತದೆ. ಅದೇ ಲೆಕ್ಕವನ್ನು ಮತ್ತೆ ಮತ್ತೆ ಬರೆಸುವುದರಿಂದ ಇದು ಸರಿಹೋಗುವುದಿಲ್ಲ. ‘ಪಕ್ಕದ ಮನೆಯಿಂದ ಸಾಲ ತಗೋ’ ಎಂದು ಹೇಳಿಕೊಟ್ಟರೆ ಉತ್ತರ ಸರಿಬಂದೀತು, ಆದರೆ ಅಲ್ಲಿಂದ ತಂದ ಒಂದು ಇಲ್ಲಿ ಹತ್ತಾಗುವುದೇಕೆಂದು ಮಗುವಿಗೆ ತಿಳಿಯುವುದಿಲ್ಲ.

ಮೊದಲು ಕಡ್ಡಿಗಳನ್ನು ಹೊಂದಿಸಿಕೊಳ್ಳಿ. ಮಂಡ್ಯ ಸೀಮೆಯ ಹಳ್ಳಿಗಳಲ್ಲಿ ತೆಂಗಿನ ಗರಿಗೆ ಬರವಿಲ್ಲ. ಅದರ ಕಡ್ಡಿಗಳನ್ನು ಗೇಣುದ್ದಕ್ಕೆ ಕತ್ತರಿಸಿ, ಮಕ್ಕಳೇ ಹತ್ತು ಹತ್ತು ಎಣಿಸಿ ರಬ್ಬರ್ ಬ್ಯಾಂಡ್ ಹಾಕಲಿ. ಶಿಕ್ಷಕರೇ ಕಟ್ಟಿಟ್ಟು ಕೊಡಬಾರದು, ಏಕೆಂದರೆ ತಾನೇ ಕಟ್ಟಿದ ಕಟ್ಟಿನೊಳಗೆ ಹತ್ತು ಕಡ್ಡಿಗಳಿವೆ ಎಂಬುದು ಮಗುವಿಗೆ ನಂಬಿಕೆಯ ಮಾತಲ್ಲ, ಕಂಡ ಸಂಗತಿ. ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ 1995ರಲ್ಲಿ ಆರಂಭವಾದ ನಲಿ-ಕಲಿ ಪದ್ಧತಿಯಂತೆ ಮಕ್ಕಳು ಗುಂಪಾಗಿ ಕೂರುವ ತರಗತಿಗಳಲ್ಲಿ ಈ ಕೆಲಸ ಸುಲಭವಾಗಿ ನಡೆಯುತ್ತದೆ.

ಈಗ ಐದು ಕಟ್ಟು, ಎರಡು ಬಿಡಿ ಕಡ್ಡಿ ಕೊಟ್ಟು, ‘ಇದರಲ್ಲಿ 27 ಕಡ್ಡಿ ನನಗೆ ಕೊಡು’ ಎಂದು ಕೇಳಿ ಸುಮ್ಮನಿರಿ. ಮಗು ಎರಡು ಕಟ್ಟು ಕೊಡುತ್ತದೆ, ಎರಡು ಬಿಡಿಯನ್ನೂ ಕೊಡುತ್ತದೆ, ಆಮೇಲೆ ಇನ್ನೂ ಐದು ಬೇಕೆಂದು ತಡೆಯುತ್ತದೆ. ಈ ತಡೆಯೇ ಪಾಠದ ಮುಖ್ಯ ಘಟ್ಟ. ಇಲ್ಲಿ ಬಾಯಿ ಹಾಕಬೇಡಿ. ಸ್ವಲ್ಪ ಹೊತ್ತಿನಲ್ಲಿ ಯಾರಾದರೊಬ್ಬರು ‘ಮಿಸ್, ಕಟ್ಟು ಬಿಚ್ಚಲಾ?’ ಎಂದು ಕೇಳುತ್ತಾರೆ. ಬಿಚ್ಚಿ ಕೊಟ್ಟಾದ ಮೇಲೆ ಎರಡು ಕಟ್ಟು, ಐದು ಬಿಡಿ ಉಳಿದಿರುತ್ತವೆ. ಇದು ಕೈಗೆ ಹತ್ತಿದ ಮೇಲೆಯೇ ಸ್ಲೇಟಿನಲ್ಲಿ 5ನ್ನು ಹೊಡೆದು 4, ಬಿಡಿಯ ಸ್ಥಾನದಲ್ಲಿ 12 ಎಂದು ಬರೆಸಿ. ಕಡ್ಡಿಯಲ್ಲಿ ಒಂದು ಹೆಜ್ಜೆ ಮಾಡಿದ ಕೂಡಲೇ ಸ್ಲೇಟಿನಲ್ಲೂ ಆ ಹೆಜ್ಜೆ ಬರಲಿ.

ನಡುವೆ ಸೊನ್ನೆ ಇರುವ ಲೆಕ್ಕಕ್ಕೆ ಬೇರೆಯೇ ಒಂದು ದಿನ ಮೀಸಲಿಡಿ. 304ರಲ್ಲಿ 168 ಕಳೆಯುವಾಗ ಬಿಚ್ಚಲು ಹತ್ತರ ಕಟ್ಟೇ ಇರುವುದಿಲ್ಲ. ಹತ್ತು ಕಟ್ಟುಗಳನ್ನು ಸೇರಿಸಿ ಕಟ್ಟಿದ ನೂರರ ಹೊರೆಯೊಂದನ್ನು ಬಿಚ್ಚಿ, ಅದರಲ್ಲಿ ಒಂದು ಕಟ್ಟನ್ನು ಮತ್ತೆ ಬಿಚ್ಚಿದಾಗ 2 ನೂರು, 9 ಹತ್ತು, 14 ಬಿಡಿ ಆಗುತ್ತವೆ. ಸೊನ್ನೆ ಇದ್ದ ಕಡೆ 9 ಬಂದದ್ದು ಹೇಗೆಂದು ಆಗ ವಿವರಿಸಬೇಕಾಗಿಲ್ಲ.

ಇಷ್ಟಾದರೂ ಮಕ್ಕಳು ‘ತೆಗೆದುಹಾಕುವುದು’ ಎಂಬ ಒಂದೇ ಅರ್ಥಕ್ಕೆ ಅಂಟಿಕೊಳ್ಳದಿರಲು ‘ಇನ್ನೆಷ್ಟು ಬೇಕು’ ಎಂಬ ಪ್ರಶ್ನೆಗಳೂ ಇರಬೇಕು. ಮಳೆಗಾಲದಲ್ಲಿ ಕನ್ನಂಬಾಡಿ ಕಟ್ಟೆಯ ನೀರಿನ ಮಟ್ಟ ನಮ್ಮ ಮನೆಮನೆಯ ಮಾತು. ಗರಿಷ್ಠ ಮಟ್ಟವಾದ 124.80 ಅಡಿಯಲ್ಲಿ ದಶಮಾಂಶ ಬಿಟ್ಟು 124 ಎಂದಿಟ್ಟುಕೊಂಡು, ನೀರು 87 ಅಡಿಯಲ್ಲಿದ್ದರೆ ತುಂಬಲು ಇನ್ನೆಷ್ಟು ಅಡಿ ಬೇಕೆಂದು ಕೇಳಿ. 87ರಿಂದ 90ಕ್ಕೆ 3, ಅಲ್ಲಿಂದ 100ಕ್ಕೆ 10, ಮುಂದೆ 24, ಒಟ್ಟು 37. ಕೆಲವರು ಹೀಗೆ ಏರುತ್ತಾ ಎಣಿಸಲಿ, ಕೆಲವರು ಕಟ್ಟು ಬಿಚ್ಚಿ ಕಳೆಯಲಿ. ಎರಡು ಗುಂಪಿನ ಉತ್ತರ ಹೊಂದದಿದ್ದರೆ ಎಲ್ಲಿ ತಪ್ಪಿತೆಂದು ಅವರೇ ಕಡ್ಡಿ ಹರಡಿಕೊಂಡು ಹುಡುಕಲಿ.