ಗಾರ್ಮೆಂಟ್ಸ್ ಕೆಲಸದ ಸ್ಥಿತಿಗತಿ ಅಳೆಯುವುದು: ನಾವು ಕೇಳುವ ಪ್ರಶ್ನೆ, ಹಾಕುವ ಲೆಕ್ಕ

ಕೆಲಸ ಹೇಗಿದೆ ಅಂತ ಕೇಳಿದರೆ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳಲ್ಲಿ ಹೆಚ್ಚಿನವರ ಉತ್ತರ ಒಂದೇ: 'ಪರ್ವಾಗಿಲ್ಲ'. ಮೊದಲು ಅಗರಬತ್ತಿ ಹೊಸೆಯುತ್ತಿದ್ದವರಿಗೆ ತಿಂಗಳ ಸಂಬಳವೇ ದೊಡ್ಡದು. ಹತ್ತು ವರ್ಷದಿಂದ ಮೆಷಿನ್ ಮೇಲೆ ಕೂತವರಿಗೆ ಬೈಗುಳವೂ ಮಾಮೂಲಿ. ಹಾಗಾಗಿ ಇವರ ಕೆಲಸದ ಸಮೀಕ್ಷೆ ಮಾಡುವ ನಾವು ತೃಪ್ತಿಯ ಪ್ರಶ್ನೆಯನ್ನು ಕೊನೆಗಿಟ್ಟು, ಲೆಕ್ಕಕ್ಕೆ ಸೇರಿಸುವುದಿಲ್ಲ. ಅಳೆಯುವುದು ಗಡಿಯಾರ, ಸಂಬಳದ ಚೀಟಿ ಮತ್ತು ನೀರಿನ ಬಾಟಲಿ, ಈ ಮೂರನ್ನೇ ನೆಚ್ಚಿಕೊಂಡು.

ಸಂದರ್ಶನ ಫ್ಯಾಕ್ಟರಿಯೊಳಗೆ ಬೇಡ, ಗೇಟಿನ ಹತ್ತಿರವೂ ಬೇಡ. ಆಡಿಟ್ ಬರುವ ಮುಂಚೆ ಏನು ಹೇಳಬೇಕೆಂದು ಹೇಳಿಕೊಡುವುದು ಗೊತ್ತಿರುವ ವಿಷಯ, ಮ್ಯಾನೇಜ್‌ಮೆಂಟ್ ಕೊಡುವ ಹೆಸರಿನ ಪಟ್ಟಿ ಆರಿಸಿದ ಪಟ್ಟಿಯೇ ಆಗಿರುತ್ತದೆ. ಪೀಣ್ಯದ ಸುತ್ತ ಲಗ್ಗೆರೆ, ಹೆಗ್ಗನಹಳ್ಳಿ, ಹೊಸೂರು ರಸ್ತೆ ಕಡೆ ಬೊಮ್ಮನಹಳ್ಳಿಯಂಥ ಜಾಗಗಳಲ್ಲಿ ವಠಾರಗಳನ್ನು ಪಟ್ಟಿ ಮಾಡಿಕೊಂಡು, ಅದರಲ್ಲಿ ಚೀಟಿ ಎತ್ತಿ ಮನೆಗೆ ಹೋಗುತ್ತೇವೆ. ಭಾನುವಾರ ಮಾತ್ರ ಹೋದರೆ ಭಾನುವಾರವೂ ಓಟಿಗೆ (ಓವರ್‌ಟೈಮ್ ಕೆಲಸಕ್ಕೆ) ಹೋದವರು ತಪ್ಪಿಹೋಗುತ್ತಾರೆ, ಅಂದರೆ ಅತಿ ಹೆಚ್ಚು ದುಡಿಯುವವರೇ ಲೆಕ್ಕದಿಂದ ಹೊರಗೆ. ಬೀಗ ಕಂಡ ಮನೆಗೆ ವಾರದ ದಿನ ರಾತ್ರಿ ಎಂಟರ ನಂತರ ಇನ್ನೊಮ್ಮೆ ಹೋಗಲೇಬೇಕು. ಒಡಿಶಾ, ಜಾರ್ಖಂಡ್‌ನಿಂದ ಬಂದು ಹಾಸ್ಟೆಲಿನಲ್ಲಿರುವ ಹುಡುಗಿಯರು ಕನ್ನಡ ಫಾರ್ಮಿಗೆ ಸಿಗುವುದಿಲ್ಲ. ಒಡಿಯಾ, ಹಿಂದಿ ಬಲ್ಲ ಸಂದರ್ಶಕಿ ಇಲ್ಲದಿದ್ದರೆ 'ಈ ವರದಿ ಸ್ಥಳೀಯ ಕಾರ್ಮಿಕರದ್ದು ಮಾತ್ರ' ಎಂದು ಮುಖಪುಟದಲ್ಲೇ ಬರೆದುಬಿಡಿ.

ಇನ್ನು ಸಮಯ. 'ದಿನಕ್ಕೆ ಎಷ್ಟು ಗಂಟೆ ಕೆಲಸ' ಅಂದರೆ 'ಎಂಟು ಗಂಟೆ' ಎಂಬ ಉತ್ತರ ಬಾಯಲ್ಲೇ ಇರುತ್ತದೆ. ಅದರ ಬದಲು ನಿನ್ನೆಯಿಂದ ಹಿಂದಕ್ಕೆ ಏಳು ದಿನ, ಒಂದೊಂದೇ ದಿನ ಕೇಳುತ್ತೇವೆ: 'ಅಕ್ಕ, ನಿನ್ನೆ ಬೆಲ್ ಹೊಡೆಯೋ ಮುಂಚೆನೇ ಮೆಷಿನ್ ಮೇಲೆ ಕೂತಿದ್ರಾ? ಊಟಕ್ಕೆ ಎದ್ದಿದ್ದು ಎಷ್ಟೊತ್ತಿಗೆ, ವಾಪಸ್ ಕೂತಿದ್ದು ಎಷ್ಟೊತ್ತಿಗೆ?' ಕೂತ ಹೊತ್ತು, ಊಟಕ್ಕೆ ಎದ್ದ ಹೊತ್ತು, ಮರಳಿ ಕೂತ ಹೊತ್ತು, ಬಿಟ್ಟ ಹೊತ್ತು ನಾಲ್ಕೂ ಬೇಕು. ಮನೆ ಬಿಟ್ಟ, ಸೇರಿದ ಹೊತ್ತನ್ನೂ ಬರೆದುಕೊಳ್ಳುತ್ತೇವೆ, ಆದರೆ ಅದನ್ನು ಕೆಲಸದ ಗಂಟೆಗೆ ಕೂಡಿಸುವುದಿಲ್ಲ.

ಇಷ್ಟು ಹಿಂಜುವುದಕ್ಕೆ ಕಾರಣವಿದೆ. ಒಂಬತ್ತರಿಂದ ಐದೂವರೆ, ನಡುವೆ ಅರ್ಧ ಗಂಟೆ ಊಟ, ವಾರಕ್ಕೆ ಆರು ದಿನ: ಕಾಗದದ ಮೇಲೆ ಸರಿಯಾಗಿ 48 ಗಂಟೆ. ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಸೂಚಕದಲ್ಲಿ 'ಅತಿಯಾದ ದುಡಿಮೆ' ಶುರುವಾಗುವುದು ವಾರಕ್ಕೆ 48 ದಾಟಿದ ಮೇಲೆ. ಟಾರ್ಗೆಟ್ ಮುಗಿಸಲು ಹದಿನೈದು ನಿಮಿಷ ಮುಂಚೆ ಕೂತು, ಊಟದಲ್ಲೂ ಹದಿನೈದು ನಿಮಿಷ ಉಳಿಸಿದರೆ ದಿನಕ್ಕೆ ಅರ್ಧ ಗಂಟೆ, ವಾರಕ್ಕೆ ಮೂರು, ಒಟ್ಟು 51. ಓಟಿಯೇ ಇಲ್ಲದ ವಾರದಲ್ಲೂ ಆಕೆ ಗೆರೆಯ ಆಚೆ. ಗಂಟೆಗಳನ್ನು ಮೊತ್ತವಾಗಿ ಕೇಳುವ ಸಮೀಕ್ಷೆಗೆ ಈ ಮೂರು ಗಂಟೆ ಕಾಣುವುದೇ ಇಲ್ಲ.

ಸಂಬಳದ ಚೀಟಿಯನ್ನು ಕಣ್ಣಾರೆ ನೋಡಬೇಕು. ಬೇಸಿಕ್ ಮತ್ತು ತುಟ್ಟಿಭತ್ಯೆ ಸೇರಿ 13,000 ಇದ್ದು ಬೇರೇನೂ ಇಲ್ಲದಿದ್ದರೆ ಪಿಎಫ್ 12 ಪರ್ಸೆಂಟ್, 1,560 ರೂಪಾಯಿ, ಇಎಸ್‌ಐ (ಕಾರ್ಮಿಕರ ಆರೋಗ್ಯ ವಿಮೆ) 0.75 ಪರ್ಸೆಂಟ್, ಮೇಲಿನ ರೂಪಾಯಿಗೆ ಏರಿಸಿ 98. ಕಡಿತ ಇದಕ್ಕಿಂತ ಕಡಿಮೆ ಇದ್ದರೆ ಸಂಬಳವನ್ನು ಬೇರೆ ಬೇರೆ ಭತ್ಯೆಯಾಗಿ ಒಡೆದಿದ್ದಾರಾ ನೋಡಿ. ಕಡಿತವಾಗಿದ್ದು ಕಟ್ಟಿದ್ದಾರಾ ಎಂಬುದು ಬೇರೆಯೇ ಪ್ರಶ್ನೆ. ಅದಕ್ಕೆ ಆಕೆಯ ಫೋನಿನಲ್ಲಿ, ಆಕೆ ಒಪ್ಪಿದರೆ, ಪಿಎಫ್ ಪಾಸ್‌ಬುಕ್ ತೆರೆಸುತ್ತೇವೆ. ಓಟಿ ಲೆಕ್ಕ: 13,000ವನ್ನು 26 ದಿನಕ್ಕೆ, ಆಮೇಲೆ 8 ಗಂಟೆಗೆ ಭಾಗಿಸಿದರೆ ಗಂಟೆಗೆ 62.50, ಓಟಿಗೆ ಕೊಡಬೇಕಾದ್ದು ಅದರ ಎರಡರಷ್ಟು, 125. ಚೀಟಿಯಲ್ಲಿ 62.50 ಇದ್ದರೆ ಸಿಂಗಲ್ ಓಟಿ. ಚೀಟಿಯಲ್ಲಿ ಓಟಿಯೇ ಇಲ್ಲ, ಏಳು ದಿನದ ಲೆಕ್ಕದಲ್ಲಿ ಇದೆ ಅಂದರೆ ಬದಲಿ ರಜೆ ಕೊಟ್ಟರಾ ಅಂತ ಕೇಳಿ. ಬದಲಿ ರಜೆಗೂ ಪೂರ್ತಿ ಪುಕ್ಕಟೆ ದುಡಿಮೆಗೂ ಬೇರೆ ಕೋಡ್ ಇರಲಿ.

ಪಿಎಫ್ ಹಣ ಹಿಂದಕ್ಕೆ ತೆಗೆದುಕೊಂಡವರನ್ನು 'ಸಾಮಾಜಿಕ ಭದ್ರತೆ ಇಲ್ಲದವರು' ಎಂದು ಹಾಕುವುದು ಹೊಸಬರು ಮಾಡುವ ಎಡವಟ್ಟು. ಪಿಎಫ್ ಹಿಂತೆಗೆತಕ್ಕೆ ಕಡಿವಾಣ ಹಾಕುವ ನಿಯಮ ಬಂದಾಗ, 2016ರ ಏಪ್ರಿಲ್‌ನಲ್ಲಿ, ಬೆಂಗಳೂರಿನ ಗಾರ್ಮೆಂಟ್ಸ್ ಮಹಿಳೆಯರು ರಸ್ತೆಗಿಳಿದರು, ಕೇಂದ್ರ ಸರ್ಕಾರ ಅದನ್ನು ಹಿಂದೆ ತೆಗೆದುಕೊಂಡಿತು. ಮಗಳ ಫೀಸಿಗೆ, ಮನೆಯ ಅಡ್ವಾನ್ಸಿಗೆ ಅವರ ಕೈಗೆಟಕುವ ಉಳಿತಾಯ ಅದೊಂದೇ. ಸೆಟಲ್‌ಮೆಂಟ್‌ಗಾಗಿ ರಾಜೀನಾಮೆ ಕೊಟ್ಟು ಅದೇ ಫ್ಯಾಕ್ಟರಿಗೆ ಹೊಸ ಟೋಕನ್ ನಂಬರಿನಲ್ಲಿ (ಕಾರ್ಮಿಕರ ಗುರುತಿನ ಸಂಖ್ಯೆ) ಸೇರಿದವರಿಗೆ ಗ್ರಾಚ್ಯುಟಿಗೆ, ಅಂದರೆ ಕೆಲಸ ಬಿಡುವಾಗಿನ ಇಡುಗಂಟಿಗೆ, ಬೇಕಾದ ಐದು ವರ್ಷದ ಲೆಕ್ಕ ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ. ಆದ್ದರಿಂದ ಮೊದಲು ಸೇರಿದ ವರ್ಷ, ಈಗಿನ ಟೋಕನ್ ಬಂದ ವರ್ಷ, ಎರಡನ್ನೂ ಕೇಳಿ.

ಕೇಂದ್ರ ಸರ್ಕಾರದ ಪಿಎಲ್‌ಎಫ್‌ಎಸ್ ಎಂಬ ಉದ್ಯೋಗ ಸಮೀಕ್ಷೆಯಲ್ಲಿ ಲಿಖಿತ ಒಪ್ಪಂದ, ಸಂಬಳಸಹಿತ ರಜೆ, ಸಾಮಾಜಿಕ ಭದ್ರತೆ ಎಂಬ ಮೂರು ಪ್ರಶ್ನೆಗಳಿವೆ. ಹೋಲಿಕೆಗೆ ಅವನ್ನೂ ಸೇರಿಸಿಕೊಳ್ಳುತ್ತೇವೆ. ಆದರೆ 'ಲಿಖಿತ ಒಪ್ಪಂದ' ಅಂದರೆ ಅರ್ಧ ಜನಕ್ಕೆ ತಲೆಬುಡ ತಿಳಿಯುವುದಿಲ್ಲ. 'ಸೇರುವಾಗ ಸೈನ್ ಮಾಡಿಸಿಕೊಂಡ ಪೇಪರ್ ನಿಮ್ಮ ಹತ್ರ ಇದೆಯಾ' ಅಂದರೆ ಗೊತ್ತಾಗುತ್ತದೆ. ಸೈನ್ ಹಾಕಿದ್ದು ಹೌದು, ಪ್ರತಿ ಕೊಟ್ಟಿಲ್ಲ ಎಂಬುದಕ್ಕೆ ಮೂರನೇ ಖಾನೆ.

ಟಾಯ್ಲೆಟ್‌ಗೆ ಬಿಡುತ್ತಾರಾ ಅಂದರೆ 'ಬಿಡ್ತಾರೆ' ಅನ್ನುತ್ತಾರೆ. ನಾವು ಬಾಟಲಿ ತೋರಿಸಲು ಹೇಳುತ್ತೇವೆ: ಬೆಳಿಗ್ಗೆ ತುಂಬಿಸಿಕೊಂಡು ಹೋದದ್ದು ಊಟದ ಹೊತ್ತಿಗೆ ಎಲ್ಲಿವರೆಗೆ ಇಳಿದಿತ್ತು? ಬೆರಳಿಟ್ಟು ತೋರಿಸಿದ ಮೇಲೆ ಮುಂದಿನ ಮಾತು ತಾನೇ ಬರುತ್ತದೆ: ಎದ್ದರೆ ಪೀಸ್ ಗುಡ್ಡೆ ಬೀಳುತ್ತೆ, ಸೂಪರ್‌ವೈಸರ್ ಕೂಗಾಡ್ತಾನೆ, ಅದಕ್ಕೇ ಕುಡಿಯಲ್ಲ. ಬೈಗುಳದ ಬಗ್ಗೆ ಮೊದಲು 'ನಿಮ್ಮ ಲೈನಿನಲ್ಲಿ ಯಾರಿಗಾದರೂ', ಆಮೇಲೆ 'ನಿಮಗೆ'. ಲೈಂಗಿಕ ಕಿರುಕುಳದ ಪ್ರಶ್ನೆ ಗಂಡ, ಅತ್ತೆ, ಪಕ್ಕದ ಮನೆಯವರು ಕೇಳಿಸಿಕೊಳ್ಳುವ ಜಾಗದಲ್ಲಿ ಬೇಡವೇ ಬೇಡ. ಆಗ 'ಕೇಳಲಿಲ್ಲ' ಎಂದು ಬರೆಯಿರಿ. ಖಾಲಿ ಬಿಟ್ಟರೆ ಡೇಟಾ ಎಂಟ್ರಿಯಲ್ಲಿ ಅದು ಸೊನ್ನೆಯಾಗಿ, ಸೊನ್ನೆ 'ಕಿರುಕುಳ ಇಲ್ಲ' ಆಗಿ, ವರದಿಯಲ್ಲಿ ಕಾರ್ಖಾನೆಗೆ ಸರ್ಟಿಫಿಕೇಟ್ ಆಗಿಬಿಡುತ್ತದೆ.

ಇದು ಕಾನೂನು ಪ್ರಕಾರ ಇದೆಯಾ ಅಂತ ಸಂದರ್ಶನದಲ್ಲಿ ಕೇಳಬಾರದು. ಸಂಗತಿ ಮಾತ್ರ ಬರೆದುಕೊಂಡು ಗೆರೆಯನ್ನು ಆಮೇಲೆ ಎಳೆಯುವುದು. 1948ರ ಫ್ಯಾಕ್ಟರಿ ಕಾಯ್ದೆಯಲ್ಲಿ 30ಕ್ಕಿಂತ ಹೆಚ್ಚು ಮಹಿಳೆಯರಿದ್ದರೆ ಶಿಶುಪಾಲನಾ ಕೊಠಡಿ ಕಡ್ಡಾಯವಾಗಿತ್ತು. 2025ರ ನವೆಂಬರ್ 21ರಿಂದ ಅದರ ಬದಲಿಗೆ ಜಾರಿಗೆ ಬಂದ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿ ಸಂಹಿತೆಯಲ್ಲಿ ಅದು 50ಕ್ಕಿಂತ ಹೆಚ್ಚು ಕಾರ್ಮಿಕರು ಎಂದಾಗಿದೆ. ಕೊಠಡಿ ಇದೆಯಾ, ಎಷ್ಟು ವರ್ಷದ ಮಗುವನ್ನು ತೆಗೆದುಕೊಳ್ಳುತ್ತಾರೆ ಎಂದು ಬರೆದಿಟ್ಟಿದ್ದರೆ ಎರಡೂ ಗೆರೆಗೆ ಹೊಂದಿಸಬಹುದು.

ಕೊನೆಗೆ ಎಲ್ಲವನ್ನೂ ಕೂಡಿಸಿ ನೂರಕ್ಕೆ ಇಷ್ಟು ಎಂದು ಅಂಕ ಕೊಡಿ ಎನ್ನುವವರು ಇದ್ದೇ ಇರುತ್ತಾರೆ. ಕೊಡುವುದಿಲ್ಲ. ಪಿಎಫ್ ಸರಿಯಾಗಿ ಕಟ್ಟಿದ್ದು ನೀರು ಕುಡಿಯಲಾಗದ್ದನ್ನು ಸರಿದೂಗಿಸುವುದಿಲ್ಲ, ಸರಾಸರಿ ಮಾತ್ರ ಸರಿದೂಗಿಸಿ ತೋರಿಸುತ್ತದೆ. ಸಮಯ, ಸಂಬಳ, ಭದ್ರತೆ, ಆರೋಗ್ಯ, ಗೌರವ ಎಂದು ಒಂದೊಂದಕ್ಕೂ ಒಂದು ಗೆರೆ. ಎಷ್ಟು ಜನ ಯಾವ ಗೆರೆಯ ಕೆಳಗಿದ್ದಾರೆ, ಎಷ್ಟು ಜನ ಮೂರಕ್ಕಿಂತ ಹೆಚ್ಚರಲ್ಲಿ ಕೆಳಗಿದ್ದಾರೆ ಎಂದಷ್ಟೇ ಪ್ರಕಟಿಸುತ್ತೇವೆ. ಫ್ಯಾಕ್ಟರಿ ಹೆಸರು ಫಾರ್ಮಿನಲ್ಲಿ ಇರುವುದಿಲ್ಲ, ಕೋಡ್ ಮಾತ್ರ. ಹತ್ತಕ್ಕಿಂತ ಕಡಿಮೆ ಜನರಿಂದ ಬಂದ ಅಂಕಿಯನ್ನು ಬೇರೆಯಾಗಿ ಅಚ್ಚು ಹಾಕುವುದಿಲ್ಲ, ಯಾಕೆಂದರೆ ಬಾಯಿಬಿಟ್ಟವರು ಯಾರೆಂದು ಫ್ಲೋರ್ ಇನ್‌ಚಾರ್ಜ್‌ಗೆ ಊಹಿಸಲು ಅಷ್ಟು ಸಾಕು.