ಮುಟ್ಟಿನ ಲೆಕ್ಕ ಬರೆದಿಡುವುದು ಹೇಗೆ, ಅದನ್ನು ವೈದ್ಯರ ಮುಂದೆ ಬಳಸುವುದು ಹೇಗೆ

ಸ್ತ್ರೀರೋಗ ತಜ್ಞರ ಕೋಣೆಯಲ್ಲಿ ಮೊದಲು ಬರುವ ಪ್ರಶ್ನೆ ‘ಕೊನೆಯ ಮುಟ್ಟು ಯಾವತ್ತು ಆಯಿತು?’ ಎಂಬುದು. ‘ಯುಗಾದಿಯ ಆಸುಪಾಸು ಇರಬೇಕು, ಹಬ್ಬಕ್ಕೆ ಅಡ್ಡಿಯಾಗಿತ್ತು’ ಎಂಬಂಥ ಉತ್ತರವೇ ನಮ್ಮಲ್ಲಿ ಹೆಚ್ಚು. ಸ್ಕ್ಯಾನಿಂಗ್ ತೋರಿಸುವುದು ಆ ಒಂದು ದಿನದ ಗರ್ಭಕೋಶವನ್ನು; ಕಳೆದ ಆರು ತಿಂಗಳು ಅದು ಹೇಗೆ ನಡೆದುಕೊಂಡಿತು ಎಂಬುದನ್ನು ನೀವೇ ಹೇಳಬೇಕು. ಆದ್ದರಿಂದ ಕನಿಷ್ಠ ಮೂರು ತಿಂಗಳ ಲೆಕ್ಕವನ್ನು ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಹಾಲಿನ ಲೆಕ್ಕ ಬರೆಯುವ ಗೋಡೆಯ ಕ್ಯಾಲೆಂಡರೇ ಇದಕ್ಕೆ ಸಾಕು. ಎಲ್ಲರ ಕಣ್ಣಿಗೆ ಬೀಳುವುದು ಬೇಡವೆನಿಸಿದರೆ ಒಂದು ಚಿಕ್ಕ ಪುಸ್ತಕವಾದರೂ ಆದೀತು, ಮೊಬೈಲ್ ಆದರೂ ಆದೀತು.

ಎಣಿಕೆಯನ್ನು ಸ್ರಾವ ಆರಂಭವಾದ ದಿನದಿಂದ ಹಿಡಿಯಬೇಕು. ತಲೆಗೆ ನೀರು ಹಾಕಿಕೊಂಡ ದಿನದಿಂದಲೋ ಸ್ರಾವ ನಿಂತ ದಿನದಿಂದಲೋ ಎಣಿಸುವವರಿದ್ದಾರೆ. ಹಾಗೆ ಎಣಿಸಿದರೆ ಸರಿಯಾಗಿರುವ ಚಕ್ರವೂ ನಾಲ್ಕೈದು ದಿನ ಮೊದಲೇ ಬಂದಂತೆ ಕಾಣುತ್ತದೆ. ಒಂದು ಮುಟ್ಟಿನ ಮೊದಲ ದಿನದಿಂದ ಮುಂದಿನ ಮುಟ್ಟಿನ ಹಿಂದಿನ ದಿನದವರೆಗೆ ಒಂದು ಚಕ್ರ. ಅದು 21ರಿಂದ 35 ದಿನಗಳ ಒಳಗಿದ್ದು, ಸ್ರಾವ 2ರಿಂದ 7 ದಿನವಿದ್ದರೆ ಸಹಜ. ಮೈನೆರೆದ ಮೊದಲ ಎರಡು ಮೂರು ವರ್ಷ ಹುಡುಗಿಯರಲ್ಲಿ ಅಂತರ 45 ದಿನಗಳವರೆಗೆ ಹೋಗುವುದುಂಟು. ಅಷ್ಟಕ್ಕೇ ಗಾಬರಿ ಬೇಡ. ಅಂಡಾಶಯದಿಂದ ಅಂಡವು ಹೊರಬರುವುದು ಮುಂದಿನ ಮುಟ್ಟಿಗೆ ಸುಮಾರು 14 ದಿನ ಮೊದಲು. ಹೀಗಾಗಿ 28 ದಿನದ ಚಕ್ರದಲ್ಲಿ ಅದು 14ನೆಯ ದಿನದ ಸುಮಾರಿಗೆ ಬಂದರೆ, 35 ದಿನದ ಚಕ್ರದಲ್ಲಿ 21ನೆಯ ದಿನದ ಸುಮಾರಿಗೆ ಬರುತ್ತದೆ. ಮಗುವಿಗಾಗಿ ಕಾಯುತ್ತಿರುವವರಿಗೆ ಈ ಒಂದು ಲೆಕ್ಕವೇ ಎಷ್ಟೋ ನೆರವಾಗುತ್ತದೆ.

ಎರಡನೆಯದಾಗಿ ಬರೆಯಬೇಕಾದದ್ದು ಸ್ರಾವದ ಪ್ರಮಾಣ, ಮತ್ತು ನಮ್ಮ ಹೆಂಗಸರು ಅತಿ ಹೆಚ್ಚು ಸಹಿಸಿಕೊಂಡು ಹೋಗುವುದು ಇದನ್ನೇ. ಒಂದು ಮುಟ್ಟಿನಲ್ಲಿ 80 ಮಿಲಿಲೀಟರಿಗಿಂತ ಹೆಚ್ಚು ರಕ್ತ ಹೋದರೆ ಅತಿಸ್ರಾವ ಎನ್ನುತ್ತಾರೆ. ಆದರೆ ಮನೆಯಲ್ಲಿ ಅಳೆಯುವವರು ಯಾರು? ದಿನಕ್ಕೆ ಎಷ್ಟು ಪ್ಯಾಡ್ ಅಥವಾ ಬಟ್ಟೆ ಬದಲಾಯಿಸಿದಿರಿ, ಅವು ಪೂರ್ತಿ ನೆನೆದಿದ್ದವೇ, ರಾತ್ರಿ ಅದಕ್ಕಾಗಿಯೇ ಎದ್ದಿರಾ, ಹತ್ತು ರೂಪಾಯಿ ನಾಣ್ಯಕ್ಕಿಂತ ದೊಡ್ಡ ಹೆಪ್ಪುಗಳು ಬಿದ್ದವೇ ಎಂಬುದನ್ನು ಆಯಾ ದಿನದ ಚೌಕದಲ್ಲಿ ಗುರುತು ಹಾಕಿ. ಒಂದೆರಡು ಗಂಟೆಗೊಮ್ಮೆ ಪ್ಯಾಡ್ ನೆನೆಯುವುದು, ಎರಡೆರಡು ಪ್ಯಾಡ್ ಒಟ್ಟಿಗೆ ಇಡಬೇಕಾಗುವುದು, ಏಳು ದಿನ ಮೀರಿಯೂ ನಿಲ್ಲದಿರುವುದು ಸಹಜವಲ್ಲ. ‘ನಮ್ಮ ಅಮ್ಮನಿಗೂ ಹೀಗೇ ಇತ್ತು’ ಎಂಬುದು ಸಮಾಧಾನವಾಗಬಾರದು, ಏಕೆಂದರೆ ಗರ್ಭಕೋಶದ ಗಡ್ಡೆಗಳೂ ಥೈರಾಯ್ಡ್ ತೊಂದರೆಯೂ ಕೆಲವು ಮನೆತನಗಳಲ್ಲಿ ಹರಿದುಬರುತ್ತವೆ. ಜೊತೆಗೆ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಗರ್ಭಿಣಿಯಲ್ಲದ ಹೆಂಗಸಿನಲ್ಲಿ ಅದು 12 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆ. ಕಬ್ಬಿಣದ ಮಾತ್ರೆ ಕೊಟ್ಟರೆ ಕಾಫಿ, ಚಹಾದ ಜೊತೆ ನುಂಗದೆ ನಿಂಬೆಹಣ್ಣಿನ ಪಾನಕದೊಂದಿಗೆ ತೆಗೆದುಕೊಳ್ಳಿ. ಮಲ ಕಪ್ಪಾಗುವುದು ಮಾತ್ರೆಯಿಂದಲೇ. ಅದಕ್ಕೆ ಹೆದರಿ ನಿಲ್ಲಿಸುವವರು ಬಹಳ.

ನೋವನ್ನು ಸೊನ್ನೆಯಿಂದ ಹತ್ತರವರೆಗಿನ ಅಂಕಿಯಲ್ಲಿ ಬರೆದರೆ ಸಾಕು. ಮೊದಲೆರಡು ದಿನ ಕಿಬ್ಬೊಟ್ಟೆ ಹಿಂಡಿ ಆಮೇಲೆ ತಗ್ಗುವ ನೋವು ಒಂದು ಬಗೆ. ಮುಟ್ಟಿಗೆ ಮೊದಲೇ ಶುರುವಾಗಿ, ಮಲವಿಸರ್ಜನೆಯಲ್ಲೂ ಸಂಭೋಗದಲ್ಲೂ ಕಾಡಿ, ವರ್ಷದಿಂದ ವರ್ಷಕ್ಕೆ ಏರುವ ನೋವು ಬೇರೆಯೇ ಬಗೆ. ಎರಡನೆಯದರಲ್ಲಿ ಎಂಡೊಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥ ಅಂಗಾಂಶ ಅದರ ಹೊರಗೆ ಬೆಳೆಯುವ ಕಾಯಿಲೆ) ಇರಬಹುದಾದ್ದರಿಂದ ಅದನ್ನು ಸಂಕೋಚವಿಲ್ಲದೆ ಬಾಯಿಬಿಟ್ಟು ಹೇಳಬೇಕು.

ಬಿಳಿ ಸೆರಗು ಹೋದರೆ ಮೂಳೆ ಸವೆಯುತ್ತದೆ ಎಂಬ ಮಾತಿಗೆ ಆಧಾರವಿಲ್ಲ. ಚಕ್ರದ ನಡುವೆ ಮೊಟ್ಟೆಯ ಬಿಳಿಯಂತೆ ಎಳೆಎಳೆಯಾಗಿ ಬರುವುದು ಅಂಡ ಬಿಡುಗಡೆಯ ಗುರುತು. ಒಡೆದ ಹಾಲಿನಂತೆ ಗಟ್ಟಿಯಾಗಿ ತುರಿಕೆಯೊಂದಿಗೆ ಬಂದರೆ ಅದು ಹೆಚ್ಚಾಗಿ ಶಿಲೀಂಧ್ರದ ಸೋಂಕು, ಮೀನಿನ ವಾಸನೆಯಿದ್ದರೆ ಬ್ಯಾಕ್ಟೀರಿಯಾದ ಏರುಪೇರು. ಬಣ್ಣ, ವಾಸನೆ, ತುರಿಕೆಯನ್ನು ಬರೆದುಕೊಳ್ಳಿ. ಯೋನಿಯ ಒಳಗೆ ಮಾತ್ರ ಸೋಪು ಹಾಕಿ ತೊಳೆಯಬೇಡಿ, ಸೋಂಕನ್ನು ತಡೆಯುವ ಸಹಜ ಆಮ್ಲೀಯತೆ ಅದರಿಂದ ಕೆಡುತ್ತದೆ.

ಕೆಲವನ್ನು ಲೆಕ್ಕ ಬರೆಯುತ್ತ ಕಾಯುವಂತಿಲ್ಲ. ಮುಟ್ಟು ತಪ್ಪಿ, ಹೊಟ್ಟೆಯ ಒಂದು ಬದಿಯಲ್ಲಿ ತೀವ್ರ ನೋವೂ ತಲೆಸುತ್ತೂ ಬಂದರೆ ಗರ್ಭವು ಅಂಡನಾಳದಲ್ಲಿ ನಿಂತಿರಬಹುದು. ಅದೇ ಗಳಿಗೆಯಲ್ಲಿ ಆಸ್ಪತ್ರೆಗೆ ಹೋಗಬೇಕು. ಮುಟ್ಟು ನಿಂತು ವರ್ಷ ತುಂಬಿದ ಮೇಲೆ ಕಂಡ ಒಂದು ಕಲೆಯನ್ನೂ, ಸಂಭೋಗದ ನಂತರದ ಸ್ರಾವವನ್ನೂ ಆ ವಾರವೇ ತೋರಿಸಬೇಕು. ತೊಂದರೆ ಇಲ್ಲದಿದ್ದರೂ 30 ದಾಟಿದವರು ಗರ್ಭಕಂಠದ ಕ್ಯಾನ್ಸರ್ ತಪಾಸಣೆ ಮಾಡಿಸಿಕೊಳ್ಳುವುದು ಸೂಕ್ತ. ದುರ್ಬಲ ಅಸಿಟಿಕ್ ಆಮ್ಲ ಹಚ್ಚಿ ನೋಡುವ ಸರಳ ಪರೀಕ್ಷೆಯನ್ನು 30ರಿಂದ 65 ವರ್ಷದವರಿಗೆ ಐದು ವರ್ಷಕ್ಕೊಮ್ಮೆ ಮಾಡಬೇಕೆಂಬುದು ಸರ್ಕಾರಿ ಕಾರ್ಯಕ್ರಮದ ನಿಯಮ.

ವೈದ್ಯರ ಮುಂದೆ ಕುಳಿತಾಗ ಪುಸ್ತಕವನ್ನು ಅವರ ಕೈಗೇ ಕೊಡಿ. ಸ್ಕ್ಯಾನಿಂಗ್ ವರದಿಯಲ್ಲಿ ‘ನೀರುಗುಳ್ಳೆ’ ಕಂಡಿತೆಂದು ದಿಗಿಲುಬೀಳಬೇಡಿ. ಪಿಸಿಓಎಸ್ ಎಂಬ ಹಾರ್ಮೋನ್ ಏರುಪೇರಿನಲ್ಲಿ ಅಂಡಾಶಯದಲ್ಲಿ ಕಾಣುವವು ಬಲಿಯದೆ ಉಳಿದ ಅಂಡಕೋಶಿಕೆಗಳು, ಕೊಯ್ದು ತೆಗೆಯಬೇಕಾದ ಗಡ್ಡೆಗಳಲ್ಲ. ಇನ್ನು ‘ಮಕ್ಕಳಾದವಲ್ಲ, ಗರ್ಭಕೋಶ ತೆಗೆಸಿಬಿಡಿ’ ಎಂಬ ಸಲಹೆ ಬಂದರೆ, ಅದಕ್ಕೆ ಕಾರಣವೇನು, ರಕ್ತ ತಡೆಯುವ ಮಾತ್ರೆ, ಹಾರ್ಮೋನ್ ಚಿಕಿತ್ಸೆ ಅಥವಾ ಗರ್ಭಕೋಶದೊಳಗೆ ಇಡುವ, ಹಾರ್ಮೋನ್ ಇರುವ ವಂಕಿಯನ್ನು ಮೊದಲು ಪ್ರಯತ್ನಿಸಬಹುದೇ, ಅಂಡಾಶಯಗಳನ್ನು ಉಳಿಸುತ್ತೀರಾ ಎಂದು ಕೇಳಿ. ಅನಗತ್ಯವಾಗಿ ಗರ್ಭಕೋಶ ತೆಗೆಯುವುದನ್ನು ತಡೆಯಲು ಕೇಂದ್ರ ಆರೋಗ್ಯ ಸಚಿವಾಲಯ 2022ರಲ್ಲಿ ಮಾರ್ಗಸೂಚಿಯನ್ನೇ ಹೊರಡಿಸಿದೆ. ತುರ್ತಿಲ್ಲದ ಶಸ್ತ್ರಚಿಕಿತ್ಸೆಗೆ ಇನ್ನೊಬ್ಬ ವೈದ್ಯರ ಅಭಿಪ್ರಾಯ ಪಡೆಯುವಷ್ಟು ಸಮಯ ಖಂಡಿತ ಇರುತ್ತದೆ, ಮತ್ತು ಅವರಿಗೆ ತೋರಿಸಲು ಇದೇ ಪುಸ್ತಕ ಸಾಕು. ಔಷಧಿ ಶುರುವಾದ ಮೇಲೂ ಮೂರು ತಿಂಗಳು ಗುರುತು ಹಾಕುವುದನ್ನು ಮುಂದುವರಿಸಿ. ದಿನಕ್ಕೆ ಎಂಟು ಪ್ಯಾಡ್ ನಾಲ್ಕಕ್ಕೆ ಇಳಿಯಿತೋ ಇಲ್ಲವೋ ಎಂಬುದು ಅಲ್ಲಿಯೇ ಕಾಣುತ್ತದೆ.