ಕುರ್ಚಿ ಹಾಕಿ ಕೂರಿಸಿದ್ದೇ ತಪ್ಪಾಗಿತ್ತು

ಕೊಡಗಿನ ಸೋಮವಾರಪೇಟೆ ಕಡೆಯ ಒಂದು ಹಳ್ಳಿಯಲ್ಲಿ ಪಂಚಾಯಿತಿ ಲೈಬ್ರರಿ ನೋಡಿಕೊಳ್ಳುತ್ತೇನೆ. 2020ರಲ್ಲಿ ಸರ್ಕಾರದ 'ಓದುವ ಬೆಳಕು' ಕಾರ್ಯಕ್ರಮ ಬಂದ ಮೇಲೆ ಮಕ್ಕಳಿಗೆ ಸದಸ್ಯತ್ವ ಪುಕ್ಕಟೆ, ಹಾಗಾಗಿ ಸಂಜೆ ಹತ್ತು-ಹನ್ನೆರಡು ಮಕ್ಕಳು ಇರುತ್ತಾರೆ. ಬೆಳಿಗ್ಗೆ ಪೇಪರ್ ಓದಲು ಅಜ್ಜಂದಿರು ಬರುತ್ತಾರೆ. ಕೂರುವುದು ಒಂದೇ ಬೆಂಚಿನ ಮೇಲೆ, ಒಬ್ಬರ ಮುಖ ಒಬ್ಬರು ನೋಡಿಲ್ಲ. ಪಕ್ಕದ ಮನೆಯ ಅಜ್ಜಿ ಒಮ್ಮೆ ಹೇಳಿದರು, ಬೆಂಗಳೂರಿನ ಮೊಮ್ಮಕ್ಕಳು ವಿಡಿಯೋ ಕಾಲ್‌ನಲ್ಲಿ 'ಊಟ ಆಯ್ತಾ' ಅಂತಾರೆ, ಆಮೇಲೆ ಮಾತೇ ಇರೋದಿಲ್ಲ ಅಂತ. ಆಗ ಹಿರಿಯರನ್ನೂ ಮಕ್ಕಳನ್ನೂ ಕೂರಿಸಿ ಮಾತಾಡಿಸುವ ಯೋಚನೆ ಬಂತು.

ಜೂನ್‌ನ ಒಂದು ಭಾನುವಾರ ಎಲ್ಲರನ್ನೂ ಕರೆದೆ. ಎದುರುಬದುರು ಕುರ್ಚಿ ಹಾಕಿದೆ. ಪ್ರಶ್ನೆಗಳನ್ನು ನಾನೇ ಬರೆದು ಮಕ್ಕಳ ಕೈಗೆ ಕೊಟ್ಟೆ. ಮೊಬೈಲ್‌ನಲ್ಲಿ ರೆಕಾರ್ಡಿಂಗ್ ಬೇರೆ! 'ನಿಮ್ಮ ಬಾಲ್ಯ ಹೇಗಿತ್ತು?' ಅಂತ ಮೊದಲ ಪ್ರಶ್ನೆ. ಒಬ್ಬರು ಎದ್ದು ನಿಂತು ಗಂಟಲು ಸರಿ ಮಾಡಿಕೊಂಡು, 'ನಿಮಗೆಲ್ಲ ಕಷ್ಟ ಅಂದ್ರೆ ಏನು ಗೊತ್ತು' ಅಂತ ಅರ್ಧ ಗಂಟೆ ಭಾಷಣ ಮಾಡಿದರು. ಉಳಿದವರಿಗೆ ಅದೂ ಕೇಳಿಸಲಿಲ್ಲ. ನಮ್ಮದು ಶೀಟಿನ ಮಾಡು, ಹೊರಗೆ ಮಳೆ.

ಇಷ್ಟೇ ಆಗಿದ್ದರೆ ನಕ್ಕು ಬಿಡಬಹುದಿತ್ತು. ಆರನೇ ಕ್ಲಾಸಿನ ಒಬ್ಬ ಹುಡುಗ ಇನ್ನೊಬ್ಬ ಅಜ್ಜನನ್ನು ಕೇಳಿದ, '2018ರಲ್ಲಿ ಗುಡ್ಡ ಕುಸಿದು ನಿಮ್ಮ ತೋಟ ಜಾರಿ ಹೋಯ್ತಲ್ಲ, ಆಗ ಏನನ್ನಿಸ್ತು?' ಅಜ್ಜ ಏನೂ ಹೇಳಲಿಲ್ಲ. ಮೂಲೆಯಲ್ಲಿದ್ದ ಕೊಡೆ ತೆಗೆದುಕೊಂಡು ಹೊರಟರು. ಮರುದಿನದಿಂದ ಪೇಪರ್ ಓದಲೂ ಬರಲಿಲ್ಲ. ಹುಡುಗನನ್ನು ಬೈದು ಏನು ಮಾಡೋದು? ಆ ಪ್ರಶ್ನೆ ಬರೆದುಕೊಟ್ಟವಳು ನಾನು.

ಮುಂದಿನ ಸಲ ಪ್ರಶ್ನೆಯೂ ಇಲ್ಲ, ಕುರ್ಚಿಯೂ ಇಲ್ಲ. ಆಗಸ್ಟ್ 3ಕ್ಕೆ ಕಕ್ಕಡ ಹದಿನೆಂಟು, ಅಂದರೆ ಮಳೆಗಾಲದ ಕಕ್ಕಡ ತಿಂಗಳ ಹದಿನೆಂಟನೇ ದಿನ. ಅವತ್ತು ನಮ್ಮಲ್ಲಿ ಮದ್ದು ಸೊಪ್ಪು ಅನ್ನೋ ಕಾಡುಗಿಡದ ಸೊಪ್ಪು ಕುದಿಸಿ ಪಾಯಸ ಮಾಡುತ್ತಾರೆ. ಐದು ಮಕ್ಕಳನ್ನು ಕರೆದುಕೊಂಡು ಆ ಪಕ್ಕದ ಮನೆ ಅಜ್ಜಿಯ ಅಡುಗೆಮನೆಗೆ ಹೋದೆ. ಹೆಂಚಿನ ಮನೆ, ಮಳೆ ಸದ್ದು ಕಡಿಮೆ. ಅಜ್ಜಿಗೆ ಎಡಗಿವಿ ಮಂದ, ಅದಕ್ಕೆ ಮಕ್ಕಳನ್ನು ಬಲಕ್ಕೆ ಕೂರಿಸಿದೆ. ನಾನು ಮಾಡಿದ ಏರ್ಪಾಡು ಅಷ್ಟೇ. ಇಬ್ಬರು ಮದ್ದು ಸೊಪ್ಪು ತೊಳೆದರು, ಇಬ್ಬರು ಬೆಲ್ಲ ಕುಟ್ಟಿದರು. ಎಸ್ಟೇಟ್ ಕಾರ್ಮಿಕರ ಲೈನ್‌ಮನೆಯ ಅಸ್ಸಾಮಿನ ಹುಡುಗಿ ತೆಂಗಿನಕಾಯಿ ತುರಿದಳು. ಅವಳಿಗೆ ಕನ್ನಡ ಅಷ್ಟಕ್ಕಷ್ಟೇ. ಅಜ್ಜಿಯದು ಇಲ್ಲಿನ ಗೌಡರ ಮಾತಾದ ಅರೆಭಾಷೆ ಬೆರೆತ ಕನ್ನಡ. ಹುಡುಗಿ ಕಾಯಿ ಎತ್ತಿ ತೋರಿಸಿ 'ನಾರಿಕೋಲ್' ಅಂದಳು. ಅಜ್ಜಿ ಎರಡು ಸಲ ಹೇಳಿ ನೋಡಿದರು, ಮೂರನೇ ಸಲ ಸರಿಯಾಗಿ ಬಂತು.

ಸೊಪ್ಪು ಕುದಿಯುತ್ತಾ ನೀರು ನೇರಳೆಯಾಯಿತು. ಮಕ್ಕಳು ಪಾತ್ರೆಯ ಮೇಲೆ ಬಗ್ಗಿದರು. ಕಕ್ಕಡದಲ್ಲಿ ದಿನಕ್ಕೊಂದು ಮದ್ದು ಸೊಪ್ಪಿಗೆ ಇಳಿಯುತ್ತೆ, ಇವತ್ತಿಗೆ ಹದಿನೆಂಟು ತುಂಬುತ್ತೆ ಅಂದರು ಅಜ್ಜಿ.

'ನಿನ್ನೆ ಕಿತ್ತಿದ್ರೆ?' ಅಂದ ಒಬ್ಬ.

'ಹದಿನೇಳು.'

'ಹಂಗಾದ್ರೆ ನಾಳೆ ಕಿತ್ರೆ ಹತ್ತೊಂಬತ್ತು!'

ಅಜ್ಜಿ ಸೌಟು ಹಿಡಿದುಕೊಂಡೇ ಯೋಚಿಸಿದರು. 'ನಮ್ಮ ಅತ್ತೇನ ಇದನ್ನ ಯಾರೂ ಕೇಳಿರಲಿಲ್ಲ ನೋಡು' ಅಂದರು. ಅಲ್ಲಿಂದ ಅತ್ತೆಯ ಕಥೆ ಶುರುವಾಯಿತು. ಮದುವೆಯಾದ ವರ್ಷ ಸೊಪ್ಪು ತರಲು ಹೋಗಿ ಜಿಗಣೆ ಹತ್ತಿಸಿಕೊಂಡದ್ದು, ಪಾಯಸ ತಳ ಹಿಡಿದದ್ದು, ಬೈಸಿಕೊಂಡದ್ದು. ಬಾಲ್ಯ ಹೇಗಿತ್ತು ಅಂತ ಕೇಳಿದ್ದರೆ ಇದರಲ್ಲಿ ಒಂದೂ ಬರುತ್ತಿರಲಿಲ್ಲ.

ಒಂದು ವಿಷಯ ಮಾತ್ರ ಅಜ್ಜಿ ಬೇಕಂತಲೇ ಹೇಳಲಿಲ್ಲ. ಮಾರನೇ ಬೆಳಿಗ್ಗೆ ಮಕ್ಕಳು ಅವರ ಮನೆಗೆ ಓಡಿದರು, 'ಅಜ್ಜೀ, ಉಚ್ಚೆ ಕೆಂಪಗೆ ಬರ್ತಾ ಇದೆ!' ಮದ್ದು ಪಾಯಸ ತಿಂದರೆ ಹಾಗೇ ಅಲ್ವಾ. ಊರಿನ ಮಕ್ಕಳಿಗೇ ಅದು ಗೊತ್ತಿರಲಿಲ್ಲ ಅನ್ನೋದು ನನಗೆ ಆಶ್ಚರ್ಯ. ಅವತ್ತಿನಿಂದ ಆ ಮನೆಗೆ ಹೋಗಲು ಅವರಿಗೆ ನಾನು ಬೇಕಾಗಲಿಲ್ಲ.

ಆಮೇಲೆ ನಾನು ಮಾಡಿದ್ದೆಲ್ಲ ಇದೇ ದಾರಿ. ಒಬ್ಬ ಹಿರಿಯರಿಗೆ ಎರಡು-ಮೂರು ಮಕ್ಕಳು, ಮಧ್ಯೆ ಏನಾದರೂ ಕೈಕೆಲಸ. ಮಕ್ಕಳೂ ಏನಾದರೂ ಕೊಡಬೇಕು, ಇಲ್ಲದಿದ್ದರೆ ಅದು ಪಾಠವಾಗುತ್ತೆ. ಒಬ್ಬ ಹುಡುಗ ಅಜ್ಜಿಗೆ ವಾಟ್ಸಾಪ್‌ನಲ್ಲಿ ವಾಯ್ಸ್ ಮೆಸೇಜ್ ಕಳಿಸೋದು ಕಲಿಸಿದ. ಈಗ ಬೆಂಗಳೂರಿನವರಿಗೆ ಐದೈದು ನಿಮಿಷದ ಮೆಸೇಜ್ ಹೋಗುತ್ತೆ, ಪಾಪ.

ಕೊಡೆ ತೆಗೆದುಕೊಂಡು ಹೋದ ಅಜ್ಜನ ಮನೆಗೆ ಎರಡು ಸಲ ಹೋಗಿ ಕ್ಷಮೆ ಕೇಳಿದ್ದೆ. 'ಪರವಾಗಿಲ್ಲ ಬಿಡಮ್ಮ' ಅಂದಿದ್ದರು, ಬಂದಿರಲಿಲ್ಲ. ಡಿಸೆಂಬರ್‌ನಲ್ಲಿ ಒಂದು ಸಂಜೆ, ಮಕ್ಕಳಿರುವ ಹೊತ್ತಿಗೇ ಬಂದರು. ಕೈಯಲ್ಲಿ ಚೀಲ, ಚೀಲದಲ್ಲಿ ಕಿತ್ತಳೆ. ಅಂಗಡಿಯಲ್ಲಿ ಸಿಗುವ ನಾಗಪುರದ್ದಲ್ಲ, ನಮ್ಮದೇ ಹಸಿರು-ಹಳದಿ ಸಿಪ್ಪೆಯದು.

'ಅವತ್ತು ಪ್ರಶ್ನೆ ಕೇಳಿದವನು ಯಾರು?' ಅಂದರು. ಹುಡುಗ ಕಪಾಟಿನ ಹಿಂದೆ ಸರಿದ. ಅವನನ್ನು ಕರೆದು ಒಂದು ಹಣ್ಣು ಕೊಟ್ಟು, ಸಿಪ್ಪೆ ಒಂದೇ ಎಳೆತಕ್ಕೆ ಬಿಡಿಸೋದು ಹೇಗೆ ಅಂತ ತೋರಿಸಿದರು. ಒಂದು ಕಾಲದಲ್ಲಿ ಕಾಫಿ ನಡುವೆ ಎಲ್ಲೆಲ್ಲೂ ಕಿತ್ತಳೆ ಮರ ಇದ್ದದ್ದು, ರೋಗ ಬಂದು ಹೋದದ್ದು ಹೇಳಿದರು. ಹುಡುಗ ಬೀಜಗಳನ್ನು ಪೇಪರಿನಲ್ಲಿ ಕಟ್ಟಿಕೊಂಡ. ನೆಟ್ಟರೆ ಎಷ್ಟು ವರ್ಷಕ್ಕೆ ಹಣ್ಣು ಬಿಡುತ್ತೆ ಅಂತ ಕೇಳಿದ. 'ನೀನು ಕಾಲೇಜಿಗೆ ಹೋಗೋ ಹೊತ್ತಿಗೆ' ಅಂದರು ಅಜ್ಜ. ಜಾರಿ ಹೋದ ತೋಟದ ಮಾತನ್ನು ಇಬ್ಬರೂ ಎತ್ತಲಿಲ್ಲ.